ಬೆಳ್ಳಮ್ಮ ಕೂರದೆ ಊಟವಿಲ್ಲ

ಸೋಮನಹಳ್ಳಿಯ ಬೆಳ್ಳಮ್ಮ ಮದುವೆಯಾಗಿ ಬಂದಾಗಿನಿಂದ ಬಿಸಿ ಮುದ್ದೆ ಕಟ್ಟಿದ್ದಾರೆ. ಉಂಡದ್ದು ಮಾತ್ರ ಆರಿದ್ದನ್ನು. ಎಲ್ಲರದೂ ಆದ ಮೇಲೆ, ಪಾತ್ರೆಯ ತಳಕ್ಕೆ ಅಂಟಿದ್ದನ್ನು ಕೆರೆದುಕೊಂಡು ಒಲೆಯ ಹತ್ತಿರವೇ ಕುಕ್ಕರಗಾಲಲ್ಲಿ ಕೂತು ಮುಗಿಸುವುದು. ಅವರ ಅತ್ತೆಯೂ ಹಾಗೆಯೇ ಉಣ್ಣುತ್ತಿದ್ದರು.

ಸೊಸೆ ನಾಗಮಣಿ ದುಡಿಯುವ ಗಾರ್ಮೆಂಟ್ಸಿಗೆ ಹೊಸ ಮಿಷನ್ನಿನ ಕೆಲಸ ಕಲಿಸಲು ಕೊರಿಯಾದಿಂದ ಸುಜಿನ್ ಎಂಬ ಹುಡುಗಿ ಬಂದಳು. ಇವರ ಮನೆಯ ಹಿಂದಿನ ಕೋಣೆಯನ್ನೇ ಬಾಡಿಗೆಗೆ ಹಿಡಿದಳು. ಪರದೇಶದಲ್ಲಿ ತನ್ನಿಂದ ತಪ್ಪಾದೀತೆಂಬ ಭಯ ಅವಳಿಗೆ. ಚಪ್ಪಲಿ ಬೀದಿಯಲ್ಲೇ ಬಿಡುವಳು, ಎಡಗೈಯನ್ನು ಮಡಿಲಿನಿಂದ ಎತ್ತಳು.

ಮೊದಲ ದಿನ ಬೆಳ್ಳಮ್ಮ ಊಟಕ್ಕೆ ಕರೆದರು. ಮಗ ಸಿದ್ದೇಶನ ಪಕ್ಕ ಕೂರಿಸಿ, ಮುದ್ದೆ ಇಟ್ಟು ಅವರೆಕಾಳಿನ ಸಾರು ಬಿಟ್ಟರು. ಹುಡುಗಿ ಕೈ ಹಾಕಲಿಲ್ಲ. ತಲೆ ತಗ್ಗಿಸಿ ಕೂತೇ ಇದ್ದಳು. ಮುದ್ದೆಯ ಹಬೆ ನಿಂತುಹೋಯಿತು.

ಬೆಳ್ಳಮ್ಮನ ಮುಖ ಸಣ್ಣದಾಯಿತು. ಈ ಮನೆಯಲ್ಲಿ ನೀರೂ ಮುಟ್ಟದೆ ಎದ್ದುಹೋದವರನ್ನು ಕಂಡವರು ಅವರು.

“ನಮ್ಮನೆ ಇಟ್ಟು ಇಡಿಸ್ನಿಲ್ವೇನೋ, ಕೇಳಮ್ಮ” ಎಂದರು ಸೊಸೆಗೆ, ಮೆಲ್ಲಗೆ.

ನಾಗಮಣಿ ಮೊಬೈಲಿನಲ್ಲಿ ಮಾತನ್ನು ಕೊರಿಯಾ ಭಾಷೆಗೆ ತಿರುಗಿಸಿ ಕೇಳಿದಳು. ಸುಜಿನ್ ಗಾಬರಿಯಿಂದ ಬೆಳ್ಳಮ್ಮನತ್ತ ಕೈ ತೋರಿಸಿದಳು. ಕೊರಿಯಾದ ಕಡೆ ಮನೆಯ ಹಿರಿಯರು ಮೊದಲ ತುತ್ತು ಎತ್ತುವ ತನಕ ಯಾರೂ ಉಣ್ಣುವಂತಿಲ್ಲವಂತೆ. ಅಜ್ಜಿ ಯಾಕೆ ಕೂರುತ್ತಿಲ್ಲ, ತನ್ನಿಂದೇನಾದರೂ ತಪ್ಪಾಯಿತೇ ಎಂದು ಅವಳು ಕೇಳುತ್ತಿದ್ದಳು.

ಸಿದ್ದೇಶ ನಕ್ಕ. “ಬಾರವ್ವ, ಕೂತ್ಕೊ. ಇಲ್ದಿದ್ರೆ ಆವಮ್ಮ ಉಪ್ವಾಸ.”

“ನಾನ್ ಕೂತ್ರೆ ಬಡ್ಸೋರ್ಯಾರ್ಲಾ?”

ನಾಗಮಣಿ ಪಾತ್ರೆಯಲ್ಲಿದ್ದ ಬಿಸಿ ಹಿಟ್ಟನ್ನು ಮುದ್ದೆ ಕಟ್ಟಿ ಅತ್ತೆಯ ತಟ್ಟೆಗಿಟ್ಟಳು. ಬೆಳ್ಳಮ್ಮ ಗೋಡೆಗೆ ಒರಗಿ ಕೂತು ಒಂದು ತುತ್ತು ಮುರಿದರು. ಆಗ ಹುಡುಗಿಯ ಕೈಯೂ ತಟ್ಟೆಗೆ ಇಳಿಯಿತು.

ಸಾರಿಗೆ ಉಪ್ಪು ಕಡಿಮೆಯಾಗಿತ್ತು. ರೂಢಿಯಂತೆ ಬೆಳ್ಳಮ್ಮ ಎದ್ದರು. ಸುಜಿನ್ ಕೈ ಅಲ್ಲೇ ನಿಂತಿತು. ಬೆಳ್ಳಮ್ಮ ಮತ್ತೆ ಕೂತರು.

“ಲೇ ಸಿದ್ದ, ಎದ್ದೋಗಿ ಉಪ್ಪು ತತ್ತಾ.”

ಅವನು ಒಳಗೆ ಹೋಗಿ, ಉಪ್ಪು ಎಲ್ಲಿದೆ ಎಂದು ಹೆಂಡತಿಯನ್ನು ಕೂಗಿದ. ನಾಗಮಣಿ ಹೊರಟಳು.

“ನೀನು ಓಗ್ಬ್ಯಾಡ. ತಟ್ಟೆ ತಕ್ಕೊಂಡು ಕೂತ್ಕೊ ಕಣಮ್ಮ, ಆರೋಯ್ತದೆ” ಎಂದರು ಬೆಳ್ಳಮ್ಮ. “ಅವ್ನೇ ಉಡುಕ್ಲಿ.”

ಒಳಗಿಂದ ಸಿದ್ದೇಶ ಒಂದೊಂದೇ ಡಬ್ಬದ ಮುಚ್ಚಳ ತೆಗೆದು ನೋಡುವ ಸದ್ದು ಬರುತ್ತಿತ್ತು. ಹೊರಗೆ ಮೂವರು ಹೆಂಗಸರು ಉಣ್ಣುತ್ತಿದ್ದರು.