ಗುಜರಿ ಗಾಡಿಗೆ ಆರತಿ

ರೇಸಿಗೆಂದು ಗುಜರಿ ಸಾಮಾನಿನಲ್ಲಿ ನಾನೇ ಕಟ್ಟಿದ ಬ್ಯಾಟರಿ ಗಾಡಿಯನ್ನು ಮೊದಲ ಸಲ ಓಡಿಸುವ ದಿನ ನೋಡಲು ಯಾರೂ ಬರಲಿಲ್ಲ. ಗಂಡನಿಗೆ ಡ್ಯೂಟಿ, ಅತ್ತೆಗೆ ನಾಚಿಕೆ. ಮಗಳನ್ನು ಅಂಗನವಾಡಿಗೆ ಬಿಟ್ಟು, ಬೋನಾಳ ಕೆರೆಯ ಪಕ್ಕದ ಖಾಲಿ ರಸ್ತೆಗೆ ಗಾಡಿ ತಳ್ಳಿಕೊಂಡು ಹೋದೆ. ಆರತಿ ತಟ್ಟೆಯನ್ನೂ ಒಯ್ದಿದ್ದೆ. ಆದರೆ ಗಾಡಿ ಏರಿ ಕೂತವಳು ತನಗೆ ತಾನೇ ಆರತಿ ಎತ್ತಿಕೊಳ್ಳುವುದು ಹೇಗೆ? ಅಲ್ಲೇ ಆಡು ಮೇಯಿಸುತ್ತಿದ್ದ ಮುದುಕಿಯನ್ನು ಕರೆದೆ.

“ನಾ ಗಂಡ ಸತ್ತಾಕಿ ಅದೀನವ್ವ. ನನ್ನ ಕೈಲೆ ಬ್ಯಾಡ,” ಎಂದಳು.

“ಮೋಟರು ಸತ್ತ ಆಟೋದ್ದು, ಗಾಲಿ ಸತ್ತ ಸ್ಕೂಟರಿಂದು. ಇದರಾಗ ಮುತ್ತೈದಿ ಯಾರದಾರ? ಆರತಿ ಎತ್ತು ಬಾ ಆಯಿ.”

ನಗುತ್ತಲೇ ಎತ್ತಿದಳು. ನಾನು ಎಕ್ಸಿಲೇಟರ್ ತಿರುವಿದರೆ ಗಾಡಿ ಸರ್ರನೆ ಹಿಂದಕ್ಕೆ ಹೋಯಿತು. ಮೋಟರಿನ ಎರಡು ವೈರು ಅದಲುಬದಲು ಕೊಟ್ಟಿದ್ದೆ. ತಪ್ಪು ನನ್ನದು, ಮುಖ ಸಣ್ಣದಾದದ್ದು ಆಕೆಯದು.

“ಹೇಳಿದ್ನಿಲ್ಲ?” ಎಂದು ತಟ್ಟೆ ಇಟ್ಟು, ಆಡು ಹೊಡೆದುಕೊಂಡು ಹೊರಟೇಬಿಟ್ಟಳು.

“ತಪ್ಪು ವೈರಿಂದು ಅದ ಆಯಿ, ನಿಂದಲ್ಲ!” ಎಂದು ಕೂಗಿದರೂ ತಿರುಗಲಿಲ್ಲ.

ಆ ಅಪಶಕುನವನ್ನು ಆಕೆ ಮನೆಗೆ ಒಯ್ಯಬಾರದೆಂದು ವೈರು ಬದಲಿಸಿ ಆಕೆಯ ಹಿಂದೆಯೇ ಗಾಡಿ ಬಿಟ್ಟೆ. ಈ ಸಲ ಮುಂದಕ್ಕೇ ಓಡಿತು, ನಾನು ಎಣಿಸಿದ್ದಕ್ಕಿಂತ ಜೋರಾಗಿ. ಆಡುಗಳು ದಿಕ್ಕಾಪಾಲಾದವು.

“ನಿನ್ನ ಗಾಡಿಗೆ ಬೆಂಕಿ ಹಚ್ಚ! ಇದು ಗಾಡ್ಯೋ ದೆವ್ವೋ!”

ಇಬ್ಬರೂ ಸೇರಿ ಆಡು ಕೂಡಿಸುವವರೆಗೆ ಬೈದಳು. ಆ ಬೈಗುಳದಲ್ಲಿ ತನ್ನ ಕೈಯ ಸುದ್ದಿ ಒಂದು ಸಲವೂ ಬರಲಿಲ್ಲ. ನನ್ನ ಗಾಡಿಯ ಬಗ್ಗೆ ಅಷ್ಟು ಹೊತ್ತು ಮಾತಾಡಿದವರು ನಮ್ಮ ಮನೆಯಲ್ಲಂತೂ ಯಾರೂ ಇಲ್ಲ.