ಡಾಕ್ಟರ ಮೇಜಿನ ಮೇಲೆ ಬಿದ್ದ ಸಹಿ

ರಾಟರ್‌ಡ್ಯಾಮ್‌ನಲ್ಲಿ ಹಳೆಯ ಮೇಜು, ಕುರ್ಚಿ ಕೊಂಡು ಮಾರುವುದು ನನ್ನ ಕಸುಬು. ತೊಂಬತ್ತು ದಾಟಿದ ನಿವೃತ್ತ ಡಾಕ್ಟರೊಬ್ಬರು ಮರುದಿನವೇ ವೃದ್ಧಾಶ್ರಮಕ್ಕೆ ಹೊರಟಿದ್ದರು. ಅಷ್ಟರೊಳಗೆ ಅವರ ಓಕ್ ಮೇಜು ಮಾರಿಹೋಗಲೇಬೇಕೆಂದು ನನಗೆ ಗೊತ್ತಿತ್ತು. ಅವರು ಕೇಳಿದ ಬೆಲೆಯ ಅರ್ಧ ಹೇಳಿ ಸುಮ್ಮನೆ ನಿಂತೆ.

"ಹಿರೇರನ್ನ ಹಿಂಗ ಕಾಡಬ್ಯಾಡ್ರಿ," ಎಂದಳು ಜೊತೆಗೆ ಬಂದಿದ್ದ ನನ್ನ ಹೆಂಡತಿ.

"ನೀ ನಡುವ ಬಾಯಿ ಹಾಕಬ್ಯಾಡ."

ನಮ್ಮ ಭಾಷೆ ತಿಳಿಯದ ಡಾಕ್ಟರು ಮೇಜು ಸವರುತ್ತಾ ಡಚ್ಚಿನಲ್ಲಿ ಶುರು ಮಾಡಿದರು. "ನಾನು ಹೊಸದಾಗಿ ಡಾಕ್ಟರಾದಾಗ, ಎಲ್ಲರಿಗೂ ಸರ್ಕಾರಿ ಆರೋಗ್ಯ ವಿಮೆ ಬರುತ್ತೆ ಅಂತ ಸುದ್ದಿ. ಬಂದರೆ ಸರ್ಕಾರ ನಮ್ಮ ತಲೆ ಮೇಲೆ ಕೂರುತ್ತೆ ಅಂತ ನಮ್ಮ ಡಾಕ್ಟರುಗಳಿಗೆಲ್ಲ ಭಯ. ವಿಮೆ ಬೇಡ ಅನ್ನೋ ಅರ್ಜಿಗೆ ಇದೇ ಮೇಜಿನ ಮೇಲೆ ರೋಗಿಗಳ ಸಹಿ ಹಾಕಿಸ್ತಿದ್ದೆ. ಜ್ವರದ ಮಗು ಎತ್ಕೊಂಡು ಬಂದವಳೊಬ್ಬಳು, 'ವಿಮೆ ಬಂದ್ರೆ ನಮಗೆ ಒಳ್ಳೇದಲ್ವಾ ಡಾಕ್ಟ್ರೇ?' ಅಂದಳು. ನಾನು ಬೈಯಲಿಲ್ಲ, ಬಲವಂತ ಮಾಡಲಿಲ್ಲ. ಮಗುವನ್ನ ಮುಟ್ಟದೆ ಸುಮ್ಮನೆ ಕೂತೆ. ಸಹಿ ಹಾಕಿದಳು."

ಅವರೆದುರು ನಾನೂ ಅದನ್ನೇ ಮಾಡುತ್ತಾ ನಿಂತಿದ್ದೆ.

ವ್ಯಾಪಾರಕ್ಕೆ ಇಳಿಯುವವರು ಮೊದಲು ಒಂದು ವಿಷಯ ನೋಡಿಕೊಳ್ಳಿ: ಎದುರಿನವರು ಬೇಡವೆಂದು ಎದ್ದು ಹೋಗಬಲ್ಲರೇ? ಹೋಗಲಾರರು ಎಂದಾದರೆ ನೀವು ಮಾಡುತ್ತಿರುವುದು ಚೌಕಾಸಿಯಲ್ಲ.

"ನೀವು ಹೇಳಿದ ಬೆಲೆಗೇ ಆಗಲಿ," ಎಂದೆ.

ಡಾಕ್ಟರು ನಗಲೂ ಇಲ್ಲ, ಥ್ಯಾಂಕ್ಸ್ ಹೇಳಲೂ ಇಲ್ಲ. ಹೆಂಡತಿ ಮಾತ್ರ ಮೇಜಿನ ಒಂದು ತುದಿ ಹಿಡಿದು, "ಏನ್ ನೋಡ್ತೀರಿ, ಆ ಕಡೆ ಎತ್ರಿ," ಎಂದಳು.