ಗಸಗಸೆಯ ಮೇಲೆ ಬಂದ ಆಪಾದನೆ

2006ರಲ್ಲಿ ನಾನು ಒಮಾನಿನ ಸೊಹಾರ್ ಬಂದರಿನ ಹತ್ತಿರದ ಒಂದು ಉಕ್ಕಿನ ಕಾರ್ಖಾನೆಯಲ್ಲಿ ಪರ್ಸೊನೆಲ್ ಆಫೀಸರ್ ಆಗಿದ್ದೆ. ಬಾಗಲಕೋಟೆಯ ನಮ್ಮ ನೆಂಟರು ಅದನ್ನು ‘ಪರ್ಸನಲ್’ ಎಂದು ಕೇಳಿಸಿಕೊಂಡು, ನಾನು ಯಾವುದೋ ಶೇಖನ ಖಾಸಗಿ ಕೆಲಸಕ್ಕಿದ್ದೇನೆಂದು ಬಹಳ ವರ್ಷ ನಂಬಿದ್ದರು. ನಿಜವಾಗಿ ನನ್ನ ಕೆಲಸ ನೌಕರರ ವೀಸಾ, ರಜೆ, ಬಡ್ತಿ ಮತ್ತು ಜಗಳಗಳನ್ನು ಫೈಲಿಗೆ ಹಾಕುವುದು. ಅದರಲ್ಲಿ ನನಗೊಂದು ಜಂಬವಿತ್ತು. ಇಂಗ್ಲಿಷಿನಲ್ಲಿ ಅರ್ಜಿ ಬರೆದರೆ ಪಾಟೀಲನೇ ಬರೆಯಬೇಕು ಎಂದು ನಾಲ್ಕು ಜನ ಹೇಳಿದ್ದರು. ಅವರ ಮಾತನ್ನು ನಾನು ನಂಬಿದ್ದೆ. ಆ ಜಂಬ ಇಳಿದದ್ದು ಈರಪ್ಪ ಹೊಸಮನಿಯ ಪ್ರಕರಣದಲ್ಲಿ.

ಈರಪ್ಪ ನಮ್ಮ ಮುಖ್ಯ ಗೇಟಿನ ಕಾವಲುಗಾರ. ಗೋಕಾಕ ಕಡೆಯವನು, ವಯಸ್ಸು ನಲವತ್ತನಾಲ್ಕು, ನಿಂಬೆಹಣ್ಣು ನಿಲ್ಲಿಸಬಹುದಾದಂಥ ಮೀಸೆ. ಭಾರತೀಯ ಸೇನೆಯಲ್ಲಿ ಹನ್ನೊಂದು ವರ್ಷ ಇದ್ದು ನಾಯಕ್ ಹುದ್ದೆಯವರೆಗೆ ಏರಿದ್ದ. ಸೊಹಾರಿನ ಜೂನ್ ತಿಂಗಳ ಬಿಸಿಲಿನಲ್ಲಿ ನಾವೆಲ್ಲ ಅಂಗಿಯ ಗುಂಡಿ ಬಿಚ್ಚಿ ಓಡಾಡುತ್ತಿದ್ದರೆ ಅವನು ಕುತ್ತಿಗೆಯವರೆಗೆ ಗುಂಡಿ ಹಾಕಿ, ಲಾರಿಗಳಿಗೂ ಸೆಲ್ಯೂಟ್ ಹೊಡೆದು ಒಳಗೆ ಬಿಡುತ್ತಿದ್ದ. ಜನರಲ್ ಮ್ಯಾನೇಜರ್ ಒಮ್ಮೆ ಗುರುತಿನ ಚೀಟಿ ಮರೆತು ಬಂದಾಗ ಅವರಿಗೂ ಸೆಲ್ಯೂಟ್ ಹೊಡೆದ, ಆದರೆ ಒಳಗೆ ಬಿಡಲಿಲ್ಲ. ಅವತ್ತೇ ಅವನ ಹೆಸರು ಮೇಲಿನವರೆಗೆ ಹೋಯಿತು.

ಆ ವರ್ಷ ಏಪ್ರಿಲಿನಲ್ಲಿ ಸೆಕ್ಯುರಿಟಿ ಮ್ಯಾನೇಜರ್ ಸಾಲಿಂ ಸಾಹೇಬರು ಅವನನ್ನು ಸೂಪರ್‌ವೈಸರ್ ಮಾಡಬೇಕೆಂದರು. ಸಾಲಿಂ ಸಾಹೇಬರು ಒಮಾನಿ, ಅಲ್ಲಿನ ಸೇನೆಯಲ್ಲಿ ದುಡಿದು ನಿವೃತ್ತರಾದವರು. ಉರ್ದು ಚೆನ್ನಾಗಿ ಬರುತ್ತಿತ್ತು, ಸಿಟ್ಟು ಅದಕ್ಕಿಂತ ಚೆನ್ನಾಗಿ ಬರುತ್ತಿತ್ತು. ಸೂಪರ್‌ವೈಸರ್ ಆಗಬೇಕಾದರೆ ಸೇನೆಯ ಡಿಸ್ಚಾರ್ಜ್ ಬುಕ್, ಅಂದರೆ ಸೈನಿಕನನ್ನು ಬಿಡುಗಡೆ ಮಾಡುವಾಗ ಕೊಡುವ ಪುಸ್ತಕ, ಪೂರ್ತಿಯಾಗಿ ಅರಬ್ಬಿಗೆ ಅನುವಾದವಾಗಬೇಕು. ಅಲ್ಲಿಯವರೆಗೆ ಈರಪ್ಪ ಎಲ್ಲರಿಗೂ ತೋರಿಸಿದ್ದು ಫೋಟೋ ಇದ್ದ ಮೊದಲ ಪುಟ ಮಾತ್ರ.

ಅನುವಾದ ಮಾಡಿದವರು ಪೇಟೆಯಲ್ಲಿ ಟೈಪಿಂಗ್ ಸೆಂಟರ್ ಇಟ್ಟಿದ್ದ ವಾಸುದೇವ ಶೆಟ್ಟರು. ಉಡುಪಿ ಕಡೆಯವರು, ಇಪ್ಪತ್ತು ವರ್ಷದಿಂದ ಒಮಾನಿನಲ್ಲಿದ್ದವರು. ಗೊತ್ತಿಲ್ಲ ಎಂಬ ಒಂದು ಮಾತು ಬಿಟ್ಟು ಉಳಿದೆಲ್ಲ ಮಾತೂ ಅವರಿಗೆ ಅರಬ್ಬಿಯಲ್ಲಿ ಬರುತ್ತಿತ್ತು.

ಪುಸ್ತಕದ ಕೊನೆಯ ಪುಟದಲ್ಲಿ ‘ಕ್ಯಾರೆಕ್ಟರ್: ಇಂಡಿಫರೆಂಟ್’ ಎಂದಿತ್ತು. ಸೇನೆಯ ಲೆಕ್ಕದಲ್ಲಿ ಅದು ‘ಬ್ಯಾಡ್’ ಎಂಬುದಕ್ಕಿಂತ ಒಂದೇ ಮೆಟ್ಟಿಲು ಮೇಲೆ. ಶೆಟ್ಟರು ಅದನ್ನು ‘ಯಾವುದಕ್ಕೂ ತಲೆ ಕೆಡಿಸಿಕೊಳ್ಳದವನು’ ಎಂದು ಅನುವಾದಿಸಿದ್ದರು. ಸಾಲಿಂ ಸಾಹೇಬರು ಓದಿ, “ಗೇಟಿನಲ್ಲಿ ನಿಲ್ಲುವವನಿಗೆ ಒಳ್ಳೆಯ ಗುಣ” ಎಂದು ತಲೆಯಾಡಿಸಿದರು. ಆಮೇಲೆ ಮುಂದಿನ ಸಾಲು ಓದಿದರು. ಕರ್ತವ್ಯದ ಮೇಲಿದ್ದಾಗ ಭಂಗಿ ಎಂಬ ಅಮಲು ಪದಾರ್ಥ ತಿಂದು, ಜೊತೆಯವರಿಗೂ ತಿನ್ನಿಸಿದ್ದಕ್ಕೆ ಸೇವೆಯಿಂದ ಬಿಡುಗಡೆ, 1992. ಅವರ ತಲೆ ಆಡುವುದು ನಿಂತಿತು.

ಗಲ್ಫಿನಲ್ಲಿ ಈ ಮಾತಿಗೆ ತಮಾಷೆ ಇಲ್ಲ. ಬಡ್ತಿ ಹೋಗಲಿ, ಅವನ ವೀಸಾ ಡಿಸೆಂಬರಿಗೆ ಮುಗಿಯುತ್ತಿತ್ತು. ಸಾಲಿಂ ಸಾಹೇಬರು ಖಂಡಿತವಾಗಿ ಹೇಳಿದರು: “ಇವನ ಸೇನೆಯೇ ಇವನನ್ನು ಒಳ್ಳೆಯವನು ಅಂತ ಬರೆದುಕೊಟ್ಟರೆ ನನಗೂ ಒಳ್ಳೆಯವನು. ಇಲ್ಲದಿದ್ದರೆ ಡಿಸೆಂಬರಿಗೆ ಖಲಾಸ್.”

ದಾರಿ ಇರಲಿಲ್ಲವೆಂದಲ್ಲ. ಬಿಡುಗಡೆಯಾದ ಸೈನಿಕ ತನ್ನ ನಡತೆಯ ಷರಾ ಮೇಲ್ದರ್ಜೆಗೆ ಏರಿಸಿ ಎಂದು ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿಗೆ ಅರ್ಜಿ ಹಾಕಬಹುದಿತ್ತು. ಅರ್ಜಿ ಎಂದ ಕೂಡಲೇ ನನ್ನ ಕೈ ತುರಿಸಿತು. ಈರಪ್ಪನನ್ನು ಕೂರಿಸಿಕೊಂಡು ಕೇಳಿದೆ.

“ಈರಪ್ಪ, ಖರೇ ಹೇಳಪಾ. ಏನು ತಿನ್ನಿಸಿದಿ ಅವರಿಗೆ?”

ಅವನು ಕುರ್ಚಿಯಿಂದೆದ್ದು ಅಟೆನ್ಷನ್‌ನಲ್ಲಿ ನಿಂತ. “ಗಸಗಸಿ ಪಾಯಸ ರೀ ಸಾಹೇಬ್ರ. ಶಿವರಾತ್ರಿ ಇತ್ತು, ಹುಡುಗ್ರು ಉಪಾಸ ಇದ್ರು. ನಮ್ಮೂರ ಪದ್ಧತಿ ಅಂತ ಮಾಡಿ ಕುಡಿಸ್ದೆ. ನಿದ್ದಿ ಬಂತು ಅವ್ರಿಗೆ. ಮಿಲಿಟ್ರಿ ಡಾಕ್ಟರ್‌ಗ ಗಸಗಸಿ ಅಂದ್ರ ಏನಂತ ಗೊತ್ತಿದ್ದಿಲ್ರೀ, ಭಂಗಿ ಅಂತ ಬರದ್ರು.”

ನನಗೆ ರಕ್ತ ಕುದಿಯಿತು. ಗಸಗಸೆ ಪಾಯಸ ಕುಡಿದು ನಿದ್ದೆ ಹೋಗದ ಕನ್ನಡಿಗನಿದ್ದಾನೆಯೇ? ನನ್ನ ಮದುವೆಯ ಬೀಗರೂಟದಲ್ಲಿ ನಮ್ಮ ಮಾವನವರು ಎಲೆಯ ಮುಂದೆ ಕೂತಲ್ಲೇ ಗೊರಕೆ ಹೊಡೆದಿದ್ದರು. ಒಂದು ಪಾಯಸದ ಸಲುವಾಗಿ ಒಬ್ಬ ಸೈನಿಕ ಪೆನ್ಶನ್ನೂ ಇಲ್ಲದೆ ಮನೆಗೆ ಹೋಗಬೇಕೇ? ಒಂದು ವಾರ ಕೂತು ಒಂಬತ್ತು ಪುಟ ಬರೆದೆ. ‘ವೇರ್ ಆ್ಯಸ್’ ಎಂದು ಶುರುವಾಗುವ ಹದಿನಾಲ್ಕು ಪ್ಯಾರಾ. ಗಸಗಸೆಯ ಸಾತ್ವಿಕತೆ, ಉತ್ತರ ಕರ್ನಾಟಕದ ಹಬ್ಬದ ಅಡುಗೆ, ಮಗುವಿಗೆ ಗಸಗಸೆ ಅರೆದು ಕೊಡುವ ಅಜ್ಜಿಯರು, ಎಲ್ಲ ಅದರಲ್ಲಿ ಬಂದವು. ಕೊನೆಯ ಸಾಲು ಬರೆದಾಗ ನನ್ನ ಕಣ್ಣೇ ಒದ್ದೆಯಾಯಿತು.

ಅರ್ಜಿಯ ಜೊತೆ ಕಂಪನಿಯಿಂದ ಸನ್ನಡತೆಯ ಪತ್ರ ಬೇಕಿತ್ತು. ಅದಕ್ಕೆ ಸಹಿ ಹಾಕಬೇಕಾದವರು ಸಾಲಿಂ ಸಾಹೇಬರು. ಅರಬ್ಬಿ ಪ್ರತಿ ಇಲ್ಲದ ಯಾವ ಕಾಗದಕ್ಕೂ ಅವರು ಸಹಿ ಹಾಕುತ್ತಿರಲಿಲ್ಲ. ಹಾಗಾಗಿ ಒಂಬತ್ತೂ ಪುಟ ಶೆಟ್ಟರ ಕೈಗೆ ಹೋಯಿತು.

“ಗಸಗಸೆಗೆ ಅರಬ್ಬಿಯಲ್ಲಿ ಶಬ್ದ ಇದೆಯೇ ಶೆಟ್ಟರೇ?” ಎಂದು ಕೇಳಿದ್ದೆ.

“ಉಂಟು ಮಾರಾಯ್ರೆ, ನೀವು ಟೆನ್ಶನ್ ಮಾಡ್ಬೇಡಿ. ಮಸಾಲೆ ಅಂಗಡಿಯವನ ಹತ್ರ ಕೇಳಿಯೇ ಹಾಕಿದ್ದೇನೆ. ಒಂದಲ್ಲ, ಇಪ್ಪತ್ತೇಳು ಕಡೆ ಹಾಕಿದ್ದೇನೆ.”

ಸಾಲಿಂ ಸಾಹೇಬರು ಓದುವಾಗ ನಾನು ಎದುರಿಗೇ ಕೂತಿದ್ದೆ. ಈರಪ್ಪ ಬಾಗಿಲ ಬಳಿ ನಿಂತಿದ್ದ. ನನ್ನ ಗದ್ಯಕ್ಕೆ ಅವರ ಮುಖ ಕರಗುವುದನ್ನು ನೋಡಲು ಕಾಯುತ್ತಿದ್ದೆ. ಮುಖ ಕರಗಲಿಲ್ಲ, ಕೆಂಪಾಯಿತು. ಎರಡನೆಯ ಪುಟಕ್ಕೆ ಕನ್ನಡಕ ತೆಗೆದರು. ಮೂರನೆಯ ಪುಟಕ್ಕೆ ಎದ್ದು ಬಾಗಿಲು ಮುಚ್ಚಿದರು.

“ಪಾಟೀಲ್,” ಎಂದರು ಮೆಲ್ಲಗೆ, “ಈ ಮನುಷ್ಯ ಭಂಗಿ ಕೊಟ್ಟಿಲ್ಲ, ಖಷ್‌ಖಾಷ್ ಕೊಟ್ಟಿದ್ದಾನೆ ಅಂತ ಬರೆದಿದ್ದೀರಿ. ನಿಮ್ಮ ನಾಡಿನಲ್ಲಿ ಹಬ್ಬಕ್ಕೆ ಮನೆಮಂದಿಯೆಲ್ಲ ಇದನ್ನು ಕುಡಿದು ಮಲಗುತ್ತಾರೆ, ಅಜ್ಜಿಯರು ಕೂಸುಗಳಿಗೂ ಕೊಡುತ್ತಾರೆ ಅಂತಲೂ ಬರೆದಿದ್ದೀರಿ. ಸರಿಯೇ?”

“ಸರಿ ಸರ್, ಅದು ನಮ್ಮ ಸಂಸ್ಕೃತಿ,” ಎಂದೆ ಹೆಮ್ಮೆಯಿಂದ.

“ಖಷ್‌ಖಾಷ್ ಅಂದರೆ ಅಫೀಮಿನ ಗಿಡ!”

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ ಎನ್ನುತ್ತಾರಲ್ಲ, ಅದು ನನ್ನ ಪಾಲಿಗೆ ನಿಜವಾಯಿತು. ಭಂಗಿಯ ಆಪಾದನೆಯಿಂದ ಪಾರು ಮಾಡಲು ಹೋಗಿ ನಾನು ಈರಪ್ಪನ ತಲೆಗೆ ಅಫೀಮು ಕಟ್ಟಿದ್ದೆ, ಇಪ್ಪತ್ತೇಳು ಕಡೆ, ಜೊತೆಗೆ ಇಡೀ ಉತ್ತರ ಕರ್ನಾಟಕದ ಅಜ್ಜಿಯರ ತಲೆಗೂ ಕಟ್ಟಿದ್ದೆ. ಗಸಗಸೆ ಅದೇ ಗಿಡದ ಬೀಜ ಎಂಬುದು ಅಲ್ಲಿಯವರೆಗೆ ನನ್ನ ತಲೆಗೆ ಬಂದಿರಲಿಲ್ಲ. ಊರಿನಿಂದ ಬರುವಾಗ ಅದನ್ನು ತರಬೇಡಿ, ಏರ್‌ಪೋರ್ಟಿನಲ್ಲಿ ಹಿಡಿಯುತ್ತಾರೆ ಎಂದು ನಮ್ಮವರೆಲ್ಲ ಹೇಳುತ್ತಿದ್ದರು. ಯಾಕೆ ಎಂದು ನಾನು ಕೇಳಿರಲಿಲ್ಲ. ಬೀಜಕ್ಕೂ ಅಫೀಮಿಗೂ ಇರುವ ವ್ಯತ್ಯಾಸ ವಿವರಿಸಲು ಬಾಯಿ ತೆರೆದೆ. ಉರ್ದು ಹೊರಡಲಿಲ್ಲ.

ಸಾಲಿಂ ಸಾಹೇಬರು ನನ್ನನ್ನು ಬಿಟ್ಟು ಈರಪ್ಪನ ಕಡೆ ತಿರುಗಿದರು. ಉರ್ದುವಿನಲ್ಲಿ ಕೇಳಿದರು: “ನಾನೂ ಸಿಪಾಯಿ, ನೀನೂ ಸಿಪಾಯಿ. ಆ ಪಾತ್ರೆಯಲ್ಲಿ ಏನಿತ್ತು?”

ಈರಪ್ಪ ನನ್ನನ್ನು ನೋಡಿದ, ಒಂಬತ್ತು ಪುಟವನ್ನು ನೋಡಿದ. ಹಿಮ್ಮಡಿ ಜೋಡಿಸಿ ಎದೆ ಸೆಟೆಸಿದ. “ಭಂಗ್ ಥಾ ಸಾಬ್.”

ನನಗೆ ಮೈಯೆಲ್ಲ ಉರಿಯಿತು. “ಮತ್ತ ಗಸಗಸಿ?” ಎಂದು ಕನ್ನಡದಲ್ಲಿ ಕೂಗಿದೆ.

“ಗಸಗಸಿನೂ ಇತ್ರೀ ಸಾಹೇಬ್ರ. ಅದರಾಗ ಭಂಗೀನೂ ಇತ್ತು.”

ಆಮೇಲೆ ಪೂರ್ತಿ ಕಥೆ ಹೊರಬಿತ್ತು. ಶಿವರಾತ್ರಿಯ ಮಧ್ಯಾಹ್ನ, ಗಾರ್ಡ್ ರೂಮಿನಲ್ಲಿ ಆರು ಜನ. ಯಾರೋ ರಜೆಯಿಂದ ಬರುವಾಗ ಭಂಗಿಯ ಉಂಡೆ ತಂದಿದ್ದರು. ಶಿವನ ಪ್ರಸಾದ, ಸ್ವಲ್ಪ ಆದರೆ ಏನೂ ಆಗುವುದಿಲ್ಲ ಎಂದು ಈರಪ್ಪ ಪಾಯಸಕ್ಕೆ ಕದಡಿದ. ಅವತ್ತೇ ಹೇಳದೆ ಕೇಳದೆ ಬ್ರಿಗೇಡಿಯರ್ ಸಾಹೇಬರ ಜೀಪು ಬಂತು. ಗಾರ್ಡಿನ ನಾಲ್ವರು ನಾಲ್ಕು ದಿಕ್ಕಿಗೆ ಬಂದೂಕು ಹಿಡಿದು ಗೌರವ ಸಲ್ಲಿಸಿದರು. ಸುಬೇದಾರ್ ಸಾಹೇಬರು ಜೀಪಿಗೆ ಬೆನ್ನು ಹಾಕಿ, ನೀರಿನ ಟ್ಯಾಂಕಿನ ಎದುರು ನಿಂತು, ಅತ್ಯಂತ ಶಿಸ್ತಿನಿಂದ ಸೆಲ್ಯೂಟ್ ಹೊಡೆದು ಗಾರ್ಡ್ ತಯಾರಾಗಿದೆ ಎಂದು ವರದಿ ಒಪ್ಪಿಸಿದರು. ಈರಪ್ಪ ಜೀಪನ್ನು ತಡೆದು ಗುಪ್ತಪದ ಕೇಳಿದ, ಬ್ರಿಗೇಡಿಯರ್ ಉತ್ತರಿಸುವ ಮೊದಲೇ ತಾನೇ ಉತ್ತರ ಹೇಳಿದ, ಬಳಿಕ “ಶಾಭಾಶ್” ಎಂದು ಅವರ ಬೆನ್ನು ತಟ್ಟಿದ.

ಸಾಲಿಂ ಸಾಹೇಬರು ಮುಖ ಗೋಡೆಯ ಕಡೆ ಮಾಡಿದರು. ಅವರ ಭುಜ ಕುಣಿಯುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು ತಿರುಗಿ, “ವಿಚಾರಣೆಯಲ್ಲಿ ಏನು ಹೇಳಿದೆ?” ಎಂದರು.

“ನಾನೇ ಹಾಕಿದೆ, ಉಳಿದವರಿಗೆ ಗೊತ್ತಿರಲಿಲ್ಲ ಅಂದೆ ಸಾಬ್.”

ಇಪ್ಪತ್ತೆಂಟು ದಿನ ಸೆರೆ, ಆಮೇಲೆ ಮನೆ. ಊರಿಗೆ ಹೋದಾಗ ಹೆಂಡತಿ ನೀಲವ್ವನ ಮುಂದೆ ಭಂಗಿ ಎನ್ನಲು ನಾಲಿಗೆ ಬರಲಿಲ್ಲ. ಗಸಗಸೆ ಎಂದುಬಿಟ್ಟ. “ಹೆಂಡ್ತಿಗೆ ಒಮ್ಮಿ ಹೇಳಿದ ಮ್ಯಾಲ ಊರಿಗೆಲ್ಲ ಅದನ್ನ ಹೇಳಬೇಕಾತ್ರೀ,” ಎಂದು ತಲೆ ತಗ್ಗಿಸಿದ. ಅವನ ಮೇಲಿದ್ದ ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಉಳಿದ ಸಿಟ್ಟೆಲ್ಲ ನನ್ನ ಮೇಲೆಯೇ. ರೆಕಾರ್ಡ್ಸ್ ಆಫೀಸಿನ ಕಪಾಟಿನಲ್ಲಿ ಅವನದೇ ತಪ್ಪೊಪ್ಪಿಗೆ ಇರುವಾಗ ನನ್ನ ಒಂಬತ್ತು ಪುಟ ಅಲ್ಲಿಗೆ ಹೋಗಿದ್ದರೆ ಅವನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಇಪ್ಪತ್ತೇಳು ಖಷ್‌ಖಾಷ್ ಹಾಕಿ ಉಳಿಸಿದ ಶೆಟ್ಟರಿಗೆ ನಾನು ಇವತ್ತಿಗೂ ಋಣಿ.

“ಇದನ್ನೇ ಬರೆಯಿರಿ,” ಎಂದರು ಸಾಲಿಂ ಸಾಹೇಬರು. “ಒಂದೇ ಪುಟ. ಅಜ್ಜಿಯರು ಬೇಡ.”

ಒಂದು ಪುಟ ಬರೆಯಲು ನನಗೆ ಒಂಬತ್ತು ಪುಟಕ್ಕಿಂತ ಹೆಚ್ಚು ಕಷ್ಟವಾಯಿತು. ತಪ್ಪು ಮಾಡಿದ್ದು ನಿಜ. ಅದಕ್ಕೆ ಮೊದಲು ಹನ್ನೊಂದು ವರ್ಷ ಯಾವ ಕಪ್ಪುಚುಕ್ಕೆಯೂ ಇಲ್ಲ. ಆಮೇಲಿನ ಹದಿನಾಲ್ಕು ವರ್ಷವೂ ಇಲ್ಲ. ವೀಸಾಕ್ಕಾಗಿ ಮಾಡಿಸಿದ ವೈದ್ಯಕೀಯ ಪರೀಕ್ಷೆಗಳ ವರದಿಗಳು ಇಗೋ. ನಡತೆಯ ಷರಾ ಒಂದನ್ನು ಮರುಪರಿಶೀಲಿಸಿ, ಬೇರೇನೂ ಕೇಳುವುದಿಲ್ಲ. ಇಷ್ಟೇ ಬರೆದೆ. ಒಂದೇ ಒಂದು ‘ವೇರ್ ಆ್ಯಸ್’ ಇಟ್ಟಿದ್ದೆ. ಸಾಲಿಂ ಸಾಹೇಬರು ಅದನ್ನೂ ಹೊಡೆದುಹಾಕಿ ಸಹಿ ಮಾಡಿದರು.

ಆ ದಿನದ ಸುಬೇದಾರ್ ಸಾಹೇಬರು ನಿವೃತ್ತರಾಗಿ ಸಾತಾರಾದಲ್ಲಿದ್ದರು. ಈರಪ್ಪ ಹಳೆಯ ಗೆಳೆಯರಿಂದ ವಿಳಾಸ ಹುಡುಕಿಸಿ ಸಾಕ್ಷಿಪತ್ರ ಕೇಳಿದ. ಹಿಂದಿಯಲ್ಲಿ ಬಂದ ಆ ಪತ್ರದ ಮುಂದೆ ನನ್ನ ಜೀವಮಾನದ ಅರ್ಜಿಗಳೆಲ್ಲ ಸಪ್ಪೆ. “ನಾಯಕ್ ಈರಪ್ಪ ನನಗೆ ಕೊಟ್ಟದ್ದು ಒಂದೇ ಲೋಟ. ಎರಡನೆಯದನ್ನು ನಾನೇ ಕೇಳಿ ಕುಡಿದೆ. ಮೂರನೆಯದು ನೆನಪಿಲ್ಲ. ಅದರಲ್ಲಿ ಏನಿದೆಯೆಂದು ನಮಗೆಲ್ಲ ಗೊತ್ತಿತ್ತು. ಗೊತ್ತಿರಲಿಲ್ಲವೆಂದು ಅವನು ಹೇಳಿದ, ನಾವು ಸುಮ್ಮನಿದ್ದೆವು. ನನ್ನ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಟ್ಯಾಂಕಿಗೆ ಸೆಲ್ಯೂಟ್ ಹೊಡೆದದ್ದಕ್ಕೆ ನನಗೆ ನಾಚಿಕೆಯಿಲ್ಲ, ಸುಮ್ಮನಿದ್ದದ್ದಕ್ಕೆ ಇದೆ.”

ಈರಪ್ಪ ಅದನ್ನು ಓದಿಸಿಕೊಂಡು ಕೇಳಿದ. ನೆಟ್ಟಗೆ ಗೇಟಿಗೆ ಹೋದ. ಅವತ್ತು ಲಾರಿಗಳಿಗೆ ಸೆಲ್ಯೂಟ್ ಬೀಳಲಿಲ್ಲ.

ಜೂನಿನಲ್ಲಿ ಹೋದ ಅರ್ಜಿಗೆ ನವೆಂಬರಿನವರೆಗೆ ಉತ್ತರವಿಲ್ಲ. ಆ ತಿಂಗಳುಗಳಲ್ಲಿ ಈರಪ್ಪ ದಿನಕ್ಕೆರಡು ಸಲ ನನ್ನ ಬಾಗಿಲಲ್ಲಿ ಇಣುಕಿ, ನಾನು ಇಲ್ಲವೆಂದು ತಲೆಯಾಡಿಸಿದರೆ ಹಿಮ್ಮಡಿ ತಿರುಗಿಸಿ ಹೋಗುತ್ತಿದ್ದ. ವೀಸಾ ಮುಗಿಯಲು ಐದು ವಾರ ಇರುವಾಗ ಲಕೋಟೆ ಬಂತು. ಬಿಡುಗಡೆಯ ಕಾರಣ ಬದಲಾಗುವುದಿಲ್ಲ, ಪೆನ್ಶನ್ ಇಲ್ಲ. ನಡತೆ ಮಾತ್ರ ‘ಇಂಡಿಫರೆಂಟ್’ ಬದಲು ‘ಗುಡ್’ ಎಂದು ತಿದ್ದಲಾಗಿದೆ. ಅಷ್ಟು ಸಾಕಿತ್ತು. ಶೆಟ್ಟರು ಈ ಸಲ ಒಂದೇ ಶಬ್ದ ಅನುವಾದಿಸಿದರು. ಸಾಲಿಂ ಸಾಹೇಬರು ಎದ್ದು ನಿಂತು ಈರಪ್ಪನಿಗೆ ಸೆಲ್ಯೂಟ್ ಹೊಡೆದರು, ಟ್ಯಾಂಕು ಯಾವ ಕಡೆಗಿದೆ ನೋಡಿಕೊಂಡೇ ಹೊಡೆದೆ ಎಂದು ಚೇಷ್ಟೆಯನ್ನೂ ಮಾಡಿದರು. ನಾನು ಅತ್ತುಬಿಟ್ಟೆ. ಮುಚ್ಚಿಡುವುದೇನಿದೆ?

ಇಪ್ಪತ್ತಾರು ವರ್ಷ ಬೇರೆಯವರ ಪರವಾಗಿ ಅರ್ಜಿ ಬರೆದು ನಾನು ಕಲಿತದ್ದು ಇಷ್ಟು: ಯಾರನ್ನಾದರೂ ಉಳಿಸಬೇಕಾದರೆ ಪೆನ್ನು ತೆಗೆಯುವ ಮೊದಲು ಪಾತ್ರೆಯಲ್ಲಿ ಏನಿತ್ತೆಂದು ಎರಡು ಸಲ ಕೇಳಬೇಕು. ನಿಜ ಒಂದು ಪುಟದಲ್ಲಿ ಮುಗಿಯುತ್ತದೆ. ಒಂಬತ್ತು ಪುಟ ಹಿಡಿಯಿತೆಂದರೆ ಯಾರೋ ಯಾರನ್ನೋ ನಂಬಿಸುತ್ತಿದ್ದಾರೆ, ಹೆಚ್ಚಿನ ಸಲ ಬರೆಯುವವನು ತನ್ನನ್ನೇ.

ಸೂಪರ್‌ವೈಸರ್ ಆದ ಮೇಲೆ ಈರಪ್ಪ ರಜೆಗೆ ಊರಿಗೆ ಹೋಗಿ, ಕರದಂಟಿನ ಡಬ್ಬಿಯೊಂದಿಗೆ ವಾಪಸಾದ. ನೀಲವ್ವನಿಗೆ ಎಲ್ಲ ಹೇಳಿದೆಯಾ ಎಂದು ಕೇಳಿದೆ.

“ಹೇಳ್ದೆ ರೀ. ಎರಡು ದಿನ ಮಾತಾಡ್ಲಿಲ್ಲ.”

“ಭಂಗಿ ಹಾಕಿದ್ದಕ್ಕ?”

“ಅಲ್ರೀ ಸಾಹೇಬ್ರ. ನನ್ನ ನೌಕ್ರಿ ತಿಂದಿದ್ದು ಅಂತ ಹದಿನಾಲ್ಕು ವರ್ಷ ಅಕಿ ಮನ್ಯಾಗ ಗಸಗಸಿ ಕಾಳು ತರಿಸಿಲ್ಲ. ಮಗಳ ಮದುವ್ಯಾಗೂ ಪಾಯಸ ಮಾಡಿಸ್ಲಿಲ್ಲ. ಮೂರನೇ ದಿನ ಒಂದ ಮಾತು ಅಂದ್ಲು: ‘ನಿಮಗ ಬರಕೊಟ್ರಲ್ಲ ಆ ಸಾಹೇಬ್ರು, ಅವರಿಗೆ ಹೇಳ್ರಿ, ಪಾಪ, ಆ ಗಸಗಸಿಗೂ ಒಂದು ಗುಡ್ ಸರ್ಟಿಫಿಕೇಟ್ ಕೊಡಸ್ರಿ ಅಂತ.’”

ಕೊಟ್ಟಿದ್ದೇನೆ ತಾಯಿ. ಇದೇ ಆ ಸರ್ಟಿಫಿಕೇಟ್.